ಕೆಲಸಕ್ಕೆ ಬಂದವರು ಪಂಚಾಯಿತಿ ಲೆಕ್ಕದಲ್ಲಿ ಯಾಕಿಲ್ಲ?

ಮಾನ್ಯ ಸಂಪಾದಕರೇ,

ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿ ಬಳಿಯ ಫಾಕ್ಸ್‌ಕಾನ್ ಕಂಪನಿಯ ಐಫೋನ್ ಕಾರ್ಖಾನೆಗೆ ಎಂಟೊಂಬತ್ತು ತಿಂಗಳಲ್ಲಿ ಸುಮಾರು 30,000 ಜನ ಸೇರಿದರು ಎಂದು 2025ರ ಕೊನೆಯಲ್ಲಿ ಪತ್ರಿಕೆಗಳೆಲ್ಲ ಬರೆದವು. ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಹೆಣ್ಣುಮಕ್ಕಳು, ಹೆಚ್ಚಿನವರು 19ರಿಂದ 24 ವರ್ಷದವರು. ಓದಿ ನನಗೆ ಖುಷಿಯಾಯಿತು. ನಮ್ಮ ರಾಜ್ಯದಲ್ಲಿ ಇಷ್ಟು ಬೇಗ ಇಷ್ಟು ಹೆಣ್ಣುಮಕ್ಕಳಿಗೆ ಒಂದೇ ಕಡೆ ಕೆಲಸ ಸಿಕ್ಕಿದ್ದನ್ನು ನಾನಂತೂ ಕಂಡಿರಲಿಲ್ಲ. ಇದರ ಹೆಗ್ಗಳಿಕೆ ಕೇಂದ್ರದ್ದೋ ರಾಜ್ಯದ್ದೋ ಎಂದು ದೊಡ್ಡ ನಾಯಕರು ಮಾತಾಡಿಕೊಂಡರು. ಈ ಮಕ್ಕಳು ಬೆಳಿಗ್ಗೆ ಎದ್ದು ಮುಖ ತೊಳೆಯುವ ನೀರನ್ನು ಯಾರು ಕೊಡಬೇಕು, ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು ಎಂಬ ಮಾತು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಈ ಪತ್ರ.

ನಾನು ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿ, ಕಾರ್ಯದರ್ಶಿಯಾಗಿ ನಿವೃತ್ತನಾದವನು. ಮೊದಲು ಕೆಲಸ ಮಾಡಿದ್ದು ವರ್ತೂರು ಹೋಬಳಿಯಲ್ಲಿ. 1998ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎಂಬ ಸಾಫ್ಟ್‌ವೇರ್ ಪಾರ್ಕ್ ಶುರುವಾದ ಕಾಲ ಅದು. ಕೈಯಲ್ಲಿ ಒಂದು ರಸೀದಿ ಪುಸ್ತಕ, ಕಂಕುಳಲ್ಲಿ ಡಿಮ್ಯಾಂಡ್ ರಿಜಿಸ್ಟರು ಇಟ್ಟುಕೊಂಡು ಮನೆ ಕಂದಾಯ ವಸೂಲಿಗೆ ಹೋಗುತ್ತಿದ್ದೆ. ಊರಿಗೆ ಏನಾಗುತ್ತಿದೆ ಎಂದು ಮೊದಲು ಗೊತ್ತಾಗುವುದು ಬಿಲ್ ಕಲೆಕ್ಟರಿಗೇ. ಹೋದ ಸಲ ಹಸು ಕಟ್ಟಿದ್ದ ಕೊಟ್ಟಿಗೆಗೆ ಈ ಸಲ ಹೋಗುವಷ್ಟರಲ್ಲಿ ಶೀಟು ಹೊದಿಸಿರುತ್ತಿದ್ದರು. ಒಳಗೆ ನಾಲ್ಕು ರೂಮು, ಹೊರಗೆ ಒಂದೇ ಕಕ್ಕಸು. ಗಾರೆ ಕೆಲಸದವರು, ಸೆಕ್ಯೂರಿಟಿ ಗಾರ್ಡುಗಳು, ಕ್ಯಾಂಟೀನಿನ ಹುಡುಗರು ಬಂದು ಸೇರಿರುತ್ತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಅದು ಹಳೇ ಮನೆಯೇ, ಒಂದೇ ಸಂಖ್ಯೆ, ಒಂದೇ ಕಂದಾಯ. ಹೊಸದಾಗಿ ಅಳತೆ ಮಾಡಿ ಏರಿಸೋಣ ಎಂದರೆ ಅಳೆಯೋಕೆ ಜನ ಇರಲಿಲ್ಲ.

ಆ ಕಡೆಯ ಹಳ್ಳಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ಎಂಬ ಮಹಾನಗರ ಪಾಲಿಕೆ ಮಾಡಿದರು. '110 ಹಳ್ಳಿ' ಎಂಬ ಹೆಸರು ಆಗಿನಿಂದ ಅಂಟಿಕೊಂಡಿತು. ಆ ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ. ಕಂಪನಿಗಳು ಮೊದಲು ಬಂದವು, ಅಪಾರ್ಟ್‌ಮೆಂಟುಗಳು ಆಮೇಲೆ ಬಂದವು, ಕೊಳವೆ ಎಲ್ಲಕ್ಕಿಂತ ಕೊನೆಗೆ ಬಂತು. ಅಷ್ಟರಲ್ಲಿ ಜನ ಬೋರ್‌ವೆಲ್ ಬತ್ತಿಸಿಕೊಂಡು, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೇಳಿದಷ್ಟು ದುಡ್ಡು ಕೊಟ್ಟು, ಕೊನೆಗೆ ಸರ್ಕಾರವೇ ಟ್ಯಾಂಕರ್ ನೀರಿಗೆ ದರ ಕಟ್ಟಬೇಕಾಯಿತು. ಈಗ ಅದೇ ಕ್ರಮದಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಎಲ್ಲ ನಡೆಯುತ್ತಿದೆ. ಅಲ್ಲಿ ಎರಡು ದಶಕ ಹಿಡಿದದ್ದು ಇಲ್ಲಿ ಎರಡು ವರ್ಷದಲ್ಲಿ ಆಗುತ್ತಿದೆ, ಅಷ್ಟೇ ವ್ಯತ್ಯಾಸ.

ನಾನಿರುವ ಊರಿನ ಒಂದು ಕಟ್ಟಡದ ವಿಷಯ ಹೇಳುತ್ತೇನೆ. ಮೊದಲು ಆ ಜಾಗದಲ್ಲಿ ದ್ರಾಕ್ಷಿ ಚಪ್ಪರ ಇತ್ತು. ಈಗ ಅಲ್ಲಿ ಒಂದು ಪಿಜಿ, ಅಂದರೆ ಹಾಸಿಗೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವಸತಿ. ನೆಲಮಹಡಿ, ಮೇಲೆ ಮೂರು ಅಂತಸ್ತು. ಪ್ರತಿ ರೂಮಿನಲ್ಲೂ ಕಬ್ಬಿಣದ ಮಂಚಗಳು, ಫೋರ್ ಶೇರಿಂಗ್, ಫೈವ್ ಶೇರಿಂಗ್. ಹತ್ತಿರ ಹತ್ತಿರ 60 ಹುಡುಗಿಯರು ಇದ್ದಾರೆ. ಹಗಲು ಪಾಳಿಯವರು ಎದ್ದು ಹೋದ ಹಾಸಿಗೆಗೆ ರಾತ್ರಿ ಪಾಳಿಯವರು ಬಂದು ಮಲಗುವುದೂ ಉಂಟು ಎಂದು ಮಾಲೀಕರೇ ಹೇಳಿದರು. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಗೇಟಿನ ಹತ್ತಿರ ಐದಾರು ಹುಡುಗಿಯರು ಯೂನಿಫಾರ್ಮ್ ಹಾಕಿಕೊಂಡು, ಕೈಯಲ್ಲಿ ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಏನಮ್ಮಾ ಎಂದು ಕೇಳಿದೆ. ಸಿಂಧನೂರು ಕಡೆಯ ಒಬ್ಬಳು, "ಅಜ್ಜಾ, ನೀರು ಇವತ್ತೂ ಬಂದಿಲ್ರೀ. ಆರಕ್ಕ ಬಸ್ ಬರ್ತದ, ಹೆಂಗ್ ಹೋಗೋದ್ರೀ" ಎಂದಳು. ಮಾಲೀಕರನ್ನು ಕೇಳಿದೆ. "ಅಣ್ಣಾ, ನಾನೇನ್ ಮಾಡ್ಲಿ ಹೇಳಿ. ಬೋರು ಕೈ ಕೊಟ್ಟಿದೆ. ಟ್ಯಾಂಕರ್‌ನವನು ಬರಲ್ಲ ಅಂದ್ರೆ ಬರಲ್ಲ" ಎಂದರು. ಅವರೂ ಕೆಟ್ಟ ಮನುಷ್ಯ ಅಲ್ಲ. ಸಾಲ ಮಾಡಿ ಕಟ್ಟಿದ್ದಾರೆ, ಕಂತು ಕಟ್ಟಬೇಕು.

ಈಗ ಇದೇ ಕಟ್ಟಡವನ್ನು ಕಾಗದದಲ್ಲಿ ನೋಡಿ. ಪಂಚಾಯಿತಿ ದಾಖಲೆಯಲ್ಲಿ ಅದು ವಾಸದ ಮನೆ. ಜಲಜೀವನ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೆಯಲ್ಲಿ ಐದು ಜನ ಎಂದರೆ 275 ಲೀಟರ್ ಆಯಿತು. ಬೆಂಗಳೂರಿನಲ್ಲಿ 2024ರಲ್ಲಿ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲಿನವರು ಇರಲೇಬೇಕು ಎಂದಿತು. ಒಳ್ಳೆಯ ನಿಯಮ. ಆ ಅಳತೆಯಲ್ಲಿ ನಮ್ಮ ಊರಿನ ಕಟ್ಟಡಕ್ಕೆ ದಿನಕ್ಕೆ 8,100 ಲೀಟರ್ ಬೇಕು. ಅಂದರೆ ದಿನವೂ ಒಂದು ಟ್ಯಾಂಕರ್. ಆದರೆ ಆ ನಿಯಮ ಮಾಡಿದ್ದು ಬೆಂಗಳೂರು ನಗರದ ಗಡಿಯೊಳಗೆ ಮಾತ್ರ. ಹಳ್ಳಿಯಲ್ಲಿ ಮಲಗುವ ಹುಡುಗಿಗೂ ಬೆಂಗಳೂರಿನೊಳಗೆ ಮಲಗುವ ಹುಡುಗಿಗೂ ಬಾಯಾರಿಕೆ ಒಂದೇ ಅಲ್ವಾ?

ತೊಂದರೆಯ ಬೇರು ಎಣಿಕೆಯಲ್ಲಿದೆ. ಪಂಚಾಯಿತಿಯ ಜನಸಂಖ್ಯೆ ಎಂದರೆ ಇವತ್ತಿಗೂ 2011ರ ಜನಗಣತಿಯದೇ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಎಂಬ ಲೆಕ್ಕ ಇದೆ. ಅದರ ಪ್ರಕಾರ 30,000 ಜನಕ್ಕೆ 75 ಸದಸ್ಯರು ಇರಬೇಕು. ಈ ಮಕ್ಕಳಿಗೆ ಒಬ್ಬರೂ ಇಲ್ಲ. ಅವರ ಹೆಸರು ಇರುವುದು ರಾಯಚೂರಲ್ಲೋ ಕಲಬುರಗಿಯಲ್ಲೋ ಪಕ್ಕದ ರಾಜ್ಯದಲ್ಲೋ. ಇಲ್ಲಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನೀರು ಇಲ್ಲ ಎಂದು ಹೇಳಲು ಅವರಿಗೆ ಬಿಡುವೂ ಇಲ್ಲ, ಧೈರ್ಯವೂ ಸಾಲದು. ಪಂಚಾಯಿತಿಯ ಕಸದ ಗಾಡಿ, ಪೌರಕಾರ್ಮಿಕರು, ನೀರಗಂಟಿಗಳು, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ಇದೆಲ್ಲ ಹಳೇ ಜನಸಂಖ್ಯೆಗೆ ಹೊಂದಿಸಿದ್ದು. ಊರು ಮೂರು ಪಟ್ಟು ಬೆಳೆದರೂ ಕಸದ ಗಾಡಿ ಒಂದೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನ್ನ ಜೀವನವೆಲ್ಲ ಕಳೆದದ್ದು ಅದರಲ್ಲೇ.

ಕಾರ್ಖಾನೆ ಒಂದು ಪಂಚಾಯಿತಿಯಲ್ಲಿ ಇರುತ್ತದೆ. ಅಲ್ಲಿ ಕೆಲಸ ಮಾಡುವವರು ಸುತ್ತಲಿನ ಎಂಟು ಹತ್ತು ಪಂಚಾಯಿತಿಗಳಲ್ಲಿ ಮಲಗುತ್ತಾರೆ. ಕಾರ್ಖಾನೆಯ ಕಂದಾಯ ಬಂದರೂ ಒಂದು ಪಂಚಾಯಿತಿಗೆ ಬರುತ್ತದೆ. ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಜಾಗವಾದರೆ ಅದಕ್ಕೂ ನೂರೆಂಟು ತಕರಾರು. ಹಾಸಿಗೆ ಇರುವ ಊರಿಗೆ ಸಿಗುವುದು ಕಕ್ಕಸಿನ ಪಿಟ್ಟು ತುಂಬಿ ರಸ್ತೆಗೆ ಹರಿಯುವ ನೀರು ಮಾತ್ರ. ಕಂಪನಿಯೇ ದೊಡ್ಡ ವಸತಿ ಕಟ್ಟಡಗಳನ್ನು ಮಾಡಿದೆ, ಸರಿ. ಅದು ಒಳ್ಳೆಯದೇ. ಆದರೆ ದೊಡ್ಡ ಕಾರ್ಖಾನೆ ಬಂದರೆ ಅದರ ಹಿಂದೆ ಬಿಡಿಭಾಗ ಮಾಡುವವರು, ಲಾರಿಯವರು, ಅಡುಗೆಯವರು, ಅಂಗಡಿಯವರು ಎಲ್ಲ ಬರುತ್ತಾರೆ. ಅವರಿಗೆ ಯಾರೂ ಹಾಸ್ಟೆಲ್ ಕಟ್ಟುವುದಿಲ್ಲ.

ನಮ್ಮಲ್ಲಿ ವೃತ್ತಿ ತೆರಿಗೆ ಎಂದೊಂದು ಇದೆ. ಸಂಬಳದ ಚೀಟಿಯಲ್ಲಿ ಎಲ್ಲರೂ ನೋಡಿರುತ್ತೀರಿ, ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300. ವರ್ಷಕ್ಕೆ 2,500. ಸಂವಿಧಾನ ಇಟ್ಟ ಮಿತಿಯೂ ಅಷ್ಟೇ. ತಿಂಗಳಿಗೆ 25,000 ರೂಪಾಯಿ ಮುಟ್ಟಿದವರಿಗೆ ಮಾತ್ರ ಇದು. ಕರ್ನಾಟಕದಲ್ಲಿ ಈ ದುಡ್ಡನ್ನು ವಾಣಿಜ್ಯ ತೆರಿಗೆ ಇಲಾಖೆ ವಸೂಲಿ ಮಾಡಿ ರಾಜ್ಯದ ಖಜಾನೆಗೆ ಹಾಕುತ್ತದೆ. ಪಕ್ಕದ ತಮಿಳುನಾಡಿನಲ್ಲಿ, ಕೇರಳದಲ್ಲಿ ಇದನ್ನು ವಸೂಲಿ ಮಾಡುವುದು ಪಂಚಾಯಿತಿ, ನಗರಸಭೆ, ಪಾಲಿಕೆಗಳೇ. ಅಲ್ಲಿ ಒಂದು ಪಂಚಾಯಿತಿಗೆ ಕಂಪನಿ ಬಂದರೆ ಜನ ಹೆಚ್ಚಾದ ಹಾಗೆ ಆದಾಯವೂ ಹೆಚ್ಚುತ್ತದೆ. ಇಲ್ಲಿ ಜನ ಹೆಚ್ಚಾದ ಹಾಗೆ ಖರ್ಚು ಮಾತ್ರ ಹೆಚ್ಚುತ್ತದೆ.

ಲೆಕ್ಕ ಹಾಕಿ ನೋಡಿ. ಈ ತೆರಿಗೆ ಕಟ್ಟುವ ಸಾವಿರ ಜನ ಇದ್ದರೆ 25 ಲಕ್ಷ ರೂಪಾಯಿ. ಹತ್ತು ಸಾವಿರ ಜನ ಇದ್ದರೆ ಎರಡೂವರೆ ಕೋಟಿ. ಅದರಲ್ಲಿ ಅರ್ಧವನ್ನಾದರೂ ಕೆಲಸಗಾರರು ವಾಸ ಮಾಡುವ ಪಂಚಾಯಿತಿಗಳಿಗೆ ಹಂಚಿದರೆ ನೀರು ಸಂಗ್ರಹದ ಟ್ಯಾಂಕು, ಬೀದಿ ದೀಪ, ಇನ್ನೊಂದು ಕಸದ ಗಾಡಿ ಎಲ್ಲಕ್ಕೂ ದಾರಿಯಾಗುತ್ತದೆ. ಹೊಸ ತೆರಿಗೆ ಬೇಡ. ಈಗಾಗಲೇ ಕಡಿತವಾಗುತ್ತಿರುವ ದುಡ್ಡನ್ನು ಅದನ್ನು ಕಟ್ಟಿದವರು ಇರುವ ಜಾಗಕ್ಕೆ ಕಳಿಸಿ ಎಂದು ಕೇಳುತ್ತಿದ್ದೇನೆ. 25,000ಕ್ಕಿಂತ ಕಡಿಮೆ ಸಂಬಳದವರಿಗೆ ಈ ತೆರಿಗೆ ಇಲ್ಲ, ಇರಲೂಬಾರದು. ಕಾರ್ಖಾನೆ ಕೆಲಸದಲ್ಲಿ ಅಂಥವರೇ ಜಾಸ್ತಿ. ಅವರ ಪಾಲನ್ನು ಬೇರೆ ಕಡೆಯಿಂದ ತರಬೇಕು. ಸರ್ಕಾರ ದೊಡ್ಡ ಕಂಪನಿಗಳಿಗೆ ಪ್ರೋತ್ಸಾಹಧನ, ರಿಯಾಯಿತಿ ಕೊಡುವಾಗ ಒಪ್ಪಂದ ಮಾಡಿಕೊಳ್ಳುತ್ತದಲ್ಲ, ಆ ಕಾಗದದಲ್ಲೇ ಬರೆಯಲಿ. ಇಷ್ಟು ಜನರನ್ನು ಸೇರಿಸಿಕೊಂಡರೆ ತಲೆಗಿಷ್ಟು ಎಂದು ಸುತ್ತಲಿನ ಪಂಚಾಯಿತಿಗಳಿಗೆ ಹೋಗಲಿ.

ತಲೆ ಲೆಕ್ಕದಲ್ಲಿ ತೆರಿಗೆ ಹಾಕಿದರೆ ಕಂಪನಿಗಳು ಓಡಿಹೋಗುತ್ತವೆ ಎಂದು ಹೆದರಿಸುವವರು ಇದ್ದಾರೆ. ಅಮೆರಿಕದಲ್ಲಿ ಗೂಗಲ್ ಕಂಪನಿಯ ಮುಖ್ಯ ಕಚೇರಿ ಇರುವ ಮೌಂಟನ್ ವ್ಯೂ ಎಂಬ ಊರಿನ ಜನ 2018ರಲ್ಲಿ ಮತ ಹಾಕಿ ಅಂಥದ್ದೇ ತೆರಿಗೆ ತಂದರು. ಉದ್ಯೋಗಿಗಳು ಜಾಸ್ತಿ ಇದ್ದಷ್ಟೂ ತಲೆಗೆ ಬೀಳುವ ದುಡ್ಡೂ ಜಾಸ್ತಿ. ಅದರ ಹೆಚ್ಚಿನ ಪಾಲು ಸಂಚಾರ ವ್ಯವಸ್ಥೆಗೆ ಎಂದು ಮೊದಲೇ ಹೇಳಿದ್ದರು. ಗೂಗಲ್ ಇನ್ನೂ ಅಲ್ಲೇ ಇದೆ.

ಇನ್ನು, ತೀರ್ಮಾನ ಯಾರದು? ಕೈಗಾರಿಕಾ ಪ್ರದೇಶಕ್ಕೆ ಭೂಮಿ ಹಿಡಿಯುವುದೂ ಅಲ್ಲಿನ ಕಟ್ಟಡದ ನಕ್ಷೆ ಒಪ್ಪುವುದೂ ಕೆಐಎಡಿಬಿ. ಅದರ ಸುತ್ತಲಿನ ಯೋಜನೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರದ್ದು. ಕರೆಂಟು ಬೆಸ್ಕಾಂ, ದೊಡ್ಡ ರಸ್ತೆ ಲೋಕೋಪಯೋಗಿ, ಹೊಗೆ, ಕೊಳಕು ನೀರಿನ ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿ. ಇವರಲ್ಲಿ ಒಬ್ಬರೂ ಪಂಚಾಯಿತಿಯನ್ನು ಕೂರಿಸಿಕೊಂಡು, "ಇನ್ನು ಒಂದು ವರ್ಷದಲ್ಲಿ ನಿಮ್ಮ ಕಡೆ ಇಷ್ಟು ಸಾವಿರ ಜನ ಬರುತ್ತಾರೆ, ನಿಮ್ಮ ಹತ್ತಿರ ಎಷ್ಟು ನೀರಿದೆ?" ಎಂದು ಕೇಳಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ವಿಷಯ ಗೊತ್ತಾಗುವುದು ಪೇಪರ್ ಓದಿದ ಮೇಲೆ.

ನರಸಾಪುರವನ್ನು ಮರೆಯಬಾರದು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ಆ ಕೈಗಾರಿಕಾ ಪ್ರದೇಶದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು, ಯಂತ್ರಗಳೆಲ್ಲ ಪುಡಿಯಾದವು. ಸುಮಾರು 5,000 ಇದ್ದ ಕೆಲಸಗಾರರು ಸ್ವಲ್ಪ ಸಮಯದಲ್ಲೇ 10,000 ದಾಟಿದ್ದರು, ಅಷ್ಟು ಜನರನ್ನು ನಿಭಾಯಿಸುವ ವ್ಯವಸ್ಥೆ ಇರಲಿಲ್ಲ ಎಂದು ಆಮೇಲೆ ತನಿಖೆಯಲ್ಲಿ ಬಂತು. ಅದು ಕಾರ್ಖಾನೆ ಗೇಟಿನ ಒಳಗಿನ ಮಾತು. ಗೇಟಿನ ಹೊರಗೂ ಅಷ್ಟೇ ಜನ ಅಷ್ಟೇ ವೇಗದಲ್ಲಿ ಹೆಚ್ಚಾಗಿರುತ್ತಾರೆ. ಅದನ್ನು ಯಾವ ತನಿಖೆಯೂ ನೋಡುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಮಾದರಿ ತನ್ನಿ ಎಂದು ಕೆಲವರು ಹೇಳುತ್ತಾರೆ. 2013ರಲ್ಲಿ ಅದನ್ನು ಕೈಗಾರಿಕಾ ಟೌನ್‌ಶಿಪ್ ಮಾಡಿ ಅದಕ್ಕೇ ಒಂದು ಪ್ರಾಧಿಕಾರ ಮಾಡಿದರು. ಅಲ್ಲಿನ ಆಸ್ತಿ ತೆರಿಗೆಯನ್ನು ಆ ಪ್ರಾಧಿಕಾರವೇ ವಸೂಲಿ ಮಾಡುತ್ತದೆ. ಒಳಗೆ ರಸ್ತೆ, ಚರಂಡಿ, ದೀಪ ಎಲ್ಲ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಗಡಿ ದಾಟಿ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ ಗಲ್ಲಿಗಳಲ್ಲಿ ಒಮ್ಮೆ ನಡೆದು ನೋಡಿ. ಒಳಗೆ ಕೆಲಸ ಮಾಡುವವರು ಇರುವುದು ಅಲ್ಲೇ. ಒಂದು ಪಿಜಿಯ ಕಿಟಕಿ ತೆಗೆದರೆ ಇನ್ನೊಂದು ಪಿಜಿಯ ಗೋಡೆ. ತೆರಿಗೆ ಬರುವ ಜಾಗಕ್ಕೆ ಬೇಲಿ ಹಾಕಿ ಬೇರೆ ಮಾಡಿದರೆ ಜನ ಇರುವ ಜಾಗ ಇನ್ನಷ್ಟು ಬಡವಾಗುತ್ತದೆ. ದೇವನಹಳ್ಳಿ ಕಡೆ ಟೌನ್‌ಶಿಪ್ ಮಾಡುವುದಾದರೆ ಸುತ್ತಲಿನ ಹಳ್ಳಿಗಳನ್ನು ಸೇರಿಸಿಯೇ ಮಾಡಿ. ಅಲ್ಲಿ ಆರಿಸಿಬಂದ ಸದಸ್ಯರು ಇರಲಿ.

ಆರಿಸಿಬಂದವರು ಇರಲೇಬೇಕು ಎಂದು ನಾನು ಯಾಕೆ ಹಟ ಹಿಡಿಯುತ್ತೇನೆ ಎಂದರೆ, 2022ರ ಮಳೆ ನೆನಪಿದೆ. ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಎಲ್ಲ ಮುಳುಗಿ, ಸರ್ಜಾಪುರ ರಸ್ತೆಯಲ್ಲಿ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗಸ್ಟ್ 30ರ ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತು ಎಂದು ಆ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೇ ಪತ್ರ ಬರೆಯಿತು. ಅವರ ಪತ್ರ ನೇರ ಮುಖ್ಯಮಂತ್ರಿಗೆ ಮುಟ್ಟಿತು. ಮನೆಯೊಳಗೆ ಮೊಣಕಾಲುದ್ದ ಕೊಳಚೆ ನುಗ್ಗಿದ ಹಳೇ ಊರಿನವರು ಯಾರಿಗೆ ಬರೆಯಬೇಕಿತ್ತು? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ರಾಜಕಾಲುವೆ ಎಲ್ಲಿ ಹೋಗುತ್ತಿತ್ತು, ಕೆರೆ ಕೋಡಿ ಎಲ್ಲಿ ಬೀಳುತ್ತಿತ್ತು ಎಂದು ಬಲ್ಲವರು ಆ ಊರುಗಳಲ್ಲಿ ಇದ್ದರು. ಅವರನ್ನು ಕೇಳುವ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ನನ್ನ ಮಾತನ್ನು ಕೈಗಾರಿಕೆಗೆ ವಿರೋಧ ಎಂದು ತಿಳಿಯಬೇಡಿ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅವರು ಕೇಳಿದ್ದು, ನಮ್ಮನ್ನು ಕೇಳದೆ ನಮ್ಮ ನೆಲದ ಬಗ್ಗೆ ಮಾತಾಡಬೇಡಿ ಎಂದು. ನಾನು ಕೇಳುವುದೂ ಅದೇ ಧಾಟಿಯಲ್ಲಿ. ನೆಲ ಕೊಟ್ಟ ಊರಿಗೂ, ಕೆಲಸಕ್ಕೆ ಬಂದವರಿಗೆ ಜಾಗ ಕೊಟ್ಟ ಊರಿಗೂ ಮಾತಿನಲ್ಲಿ ಪಾಲು ಇರಬೇಕು, ದುಡ್ಡಿನಲ್ಲೂ ಇರಬೇಕು.

ಕಾನೂನು ತಿದ್ದುವ ತನಕ ಕಾಯದೆ ಮಾಡಬಹುದಾದದ್ದೂ ಬೇಕಾದಷ್ಟಿದೆ. ಜಿಲ್ಲಾ ಪಂಚಾಯಿತಿಯ ಸಿಇಒ ಮನಸ್ಸು ಮಾಡಿದರೆ ಬಿಬಿಎಂಪಿ 2024ರಲ್ಲಿ ಮಾಡಿದ ಪಿಜಿ ನಿಯಮಗಳನ್ನೇ ಸ್ವಲ್ಪ ತಿದ್ದಿ ನಮ್ಮ ಹಳ್ಳಿಗಳಿಗೆ ತರಬಹುದು. ಪಿಜಿ ಮಾಲೀಕರನ್ನು ಕಳ್ಳರ ಹಾಗೆ ನೋಡಿ ನೋಟಿಸ್ ಅಂಟಿಸುವುದರಿಂದ ಏನೂ ಆಗದು. ಮೊದಲು ನೋಂದಣಿ ಮಾಡಿಸಿ, ಎಷ್ಟು ಹಾಸಿಗೆ ಎಂದು ಬರೆಸಿಕೊಂಡು, ಅದಕ್ಕೆ ತಕ್ಕ ನೀರಿನ ಸಂಪರ್ಕ ಕೊಟ್ಟು, ಆಮೇಲೆ ಕಂದಾಯ ಕೇಳಿದರೆ ಅವರೂ ಕಟ್ಟುತ್ತಾರೆ. ನೀರು ಕೊಟ್ಟ ಪಂಚಾಯಿತಿಗೆ ಕಂದಾಯ ಸಲೀಸಾಗಿ ಬರುತ್ತದೆ, ಇದು ನಾನು ಮನೆ ಮನೆ ಅಲೆದು ಕಂಡುಕೊಂಡ ವಿಷಯ. ಬಸ್ ನಿಲ್ಲುವ ಜಾಗದಿಂದ ಪಿಜಿ ತನಕ ದೀಪ ಹಾಕಿಸಲಿ. ರಾತ್ರಿ ಹನ್ನೆರಡಕ್ಕೆ ಪಾಳಿ ಮುಗಿಸಿ ಬರುವ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ನಡೆಯುತ್ತಾರೆ. ಅವರ ಊರಿನಲ್ಲಿರುವ ತಂದೆ ತಾಯಿಗೆ ಇದು ಗೊತ್ತಿಲ್ಲ.

ಇನ್ನೊಂದು ಕೆಲಸವಂತೂ ತೀರಾ ಹತ್ತಿರದಲ್ಲಿದೆ. 2027ರ ಜನಗಣತಿ ಬರುತ್ತಿದೆ. ಹಿಂದಿನ ಅಂಕಿಗೆ ಇಷ್ಟು ವರ್ಷ ಜೋತುಬಿದ್ದ ನಾವು ಈ ಸಲದ ಅಂಕಿಗೂ ಮುಂದೆ ಬಹಳ ವರ್ಷ ಕಟ್ಟುಬಿದ್ದಿರುತ್ತೇವೆ. ಗಣತಿಗೆ ಹೋಗುವ ಶಿಕ್ಷಕರಿಗೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ನರಸಾಪುರ, ವೇಮಗಲ್ ಕಡೆ ಪಿಜಿ, ಶೀಟಿನ ಮನೆ, ಕಾರ್ಮಿಕರ ಹಾಸ್ಟೆಲ್‌ಗಳ ಪಟ್ಟಿಯನ್ನು ಪಂಚಾಯಿತಿಯವರು ಮೊದಲೇ ಮಾಡಿ ಕೊಡಲಿ. ಪಾಳಿ ಕೆಲಸದವರು ಹಗಲು ಮಲಗಿರುತ್ತಾರೆ, ಬಾಗಿಲು ತೆಗೆಯುವುದಿಲ್ಲ. ಅದಕ್ಕೆ ಸಂಜೆ ಹೊತ್ತೂ ಹೋಗುವ ಏರ್ಪಾಡು ಮಾಡಲಿ. ಕಂದಾಯ ಜಾಸ್ತಿಯಾಗುತ್ತದೆ ಎಂದು ಹೆದರಿ ಮಾಲೀಕರು ಹಾಸಿಗೆ ಮುಚ್ಚಿಡುವುದು ಬೇಡ. ಗಣತಿಯಲ್ಲಿ ಕೊಟ್ಟ ಮಾಹಿತಿಯನ್ನು ತೆರಿಗೆಗೆ ಬಳಸುವಂತಿಲ್ಲ ಎಂದು ತಹಶೀಲ್ದಾರರು ಊರೂರಿಗೆ ಡಂಗುರ ಹೊಡೆಸಿಯಾದರೂ ತಿಳಿಸಲಿ. ಕಂಪನಿಗಳೂ ತಮ್ಮ ಬಸ್ಸು ಯಾವ ಯಾವ ಊರಿನಿಂದ ಎಷ್ಟೆಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ ಎಂಬ ಪಟ್ಟಿಯನ್ನು ತಾಲ್ಲೂಕು ಕಚೇರಿಗೆ ಕೊಡಲಿ. ಅದು ಅವರ ಕಂಪ್ಯೂಟರಿನಲ್ಲಿ ಈಗಲೇ ಇರುತ್ತದೆ. ನಿಮ್ಮ ಪತ್ರಿಕೆಯ ತಾಲ್ಲೂಕು ವರದಿಗಾರರು ಈ ಪಟ್ಟಿಯನ್ನು ಕೇಳಿ ಪ್ರಕಟಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಇಂತಿ ನಿಮ್ಮ ಓದುಗ,
ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿ,
ದೇವನಹಳ್ಳಿ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ